ಸರ್ಕಾರವೇ ಇಲ್ಲದ ಮುಕ್ತ ಮಾರುಕಟ್ಟೆ ನಡೆದೀತೇ? ಮುಂಬಯಿಯ ಹೋಟೆಲು ಲೆಕ್ಕದ ಕಡೆಯಿಂದ ಒಂದು ಉತ್ತರ

ತೆರಿಗೆಯೂ ಸರ್ಕಾರವೂ ಇಲ್ಲದೆ, ಪ್ರತಿಯೊಬ್ಬನೂ ತನ್ನ ಆಸ್ತಿ ಮತ್ತು ತಾನೇ ಒಪ್ಪಿಕೊಂಡ ಕರಾರುಗಳ ಬಲದ ಮೇಲೆ ಬದುಕುವ ವ್ಯವಸ್ಥೆ ರಾಜಕೀಯವಾಗಿ ಸಾಧ್ಯವೇ ಎಂದು ತಾವು ಕೇಳಿದ್ದೀರಿ. ಸಾಧ್ಯ ಎನ್ನುವುದಕ್ಕೆ, ಯಾರ ನೆರವೂ ಇಲ್ಲದೆ ಮುಂಬಯಿಗೆ ಬಂದು ಹೋಟೆಲು ಕಟ್ಟಿದ ನಮ್ಮ ಕರಾವಳಿಯವರನ್ನೇ ಸಾಕ್ಷಿಯಾಗಿ ನಿಲ್ಲಿಸಿದ್ದೀರಿ. ನಾನು ಮಾಟುಂಗದಲ್ಲಿದ್ದುಕೊಂಡು ಬಹುಕಾಲದಿಂದ ಇಂತಹ ಹೋಟೆಲುಗಳ ಲೆಕ್ಕಪತ್ರ ನೋಡಿಕೊಳ್ಳುವವನು. ಆದ್ದರಿಂದ ತತ್ತ್ವದ ಮಾತನ್ನು ಬೇಗ ಮುಗಿಸಿ, ತಾವು ಕೊಟ್ಟ ಸಾಕ್ಷಿಯನ್ನೇ ಸ್ವಲ್ಪ ವಿಚಾರಿಸುತ್ತೇನೆ. ಈ ವಾದ ಸರ್ಕಾರಕ್ಕೆ ಲಗಾಮು ಹಾಕುವುದಕ್ಕೆ ಬಹಳ ಉಪಯುಕ್ತ, ಸರ್ಕಾರದ ಜಾಗದಲ್ಲಿ ಕೂರುವ ಶಕ್ತಿ ಅದಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ, ವ್ಯಕ್ತಿವಾದ (ವ್ಯಕ್ತಿಯ ಸ್ವಾತಂತ್ರ್ಯವೇ ಎಲ್ಲಕ್ಕಿಂತ ಮೇಲು ಎಂಬ ವಾದ) ಎಂಬ ಒಂದೇ ಹೆಸರಿನಡಿ ತಾವು ಸೇರಿಸಿರುವವರೆಲ್ಲ ಒಂದೇ ಮಾತನ್ನು ಹೇಳಿದವರಲ್ಲ. ಪೊಲೀಸು, ಸೈನ್ಯ, ನ್ಯಾಯಾಲಯ ಈ ಮೂರು ಸರ್ಕಾರದ ಕೈಯಲ್ಲೇ ಇರಬೇಕೆಂದು ಅಮೆರಿಕದ ಲೇಖಕಿ ಐನ್ ರಾಂಡ್ ಸ್ಪಷ್ಟವಾಗಿಯೇ ಹೇಳಿದ್ದರು. ಸರ್ಕಾರವೇ ಬೇಡ ಎನ್ನುವವರನ್ನು ಅವರು ಸಹಿಸುತ್ತಿರಲಿಲ್ಲ. ಅರ್ಥಶಾಸ್ತ್ರಜ್ಞ ಹಾಯೆಕ್ 1944ರ ತಮ್ಮ ಪ್ರಸಿದ್ಧ ಗ್ರಂಥ ‘ದಿ ರೋಡ್ ಟು ಸರ್ಫ್‌ಡಮ್’ನಲ್ಲಿಯೇ ಎಲ್ಲರಿಗೂ ಅನ್ನ, ಬಟ್ಟೆ, ಸೂರಿನ ಕನಿಷ್ಠ ಭದ್ರತೆಯನ್ನು ಒದಗಿಸುವುದಕ್ಕೆ ತಕರಾರಿಲ್ಲ ಎಂದವರು. ಪೊಲೀಸು ಮತ್ತು ನ್ಯಾಯಾಲಯಗಳನ್ನೂ ಪೈಪೋಟಿಯ ಕಂಪನಿಗಳಿಗೆ ಬಿಟ್ಟುಬಿಡಿ ಎಂದವರು ಅಮೆರಿಕದ ಅರ್ಥಶಾಸ್ತ್ರಜ್ಞ ಮರ್ರೇ ರೋಥ್‌ಬಾರ್ಡ್. ತಮ್ಮ ಪ್ರಶ್ನೆ ಅವರ ಪಂಥದ್ದು.

ಸರ್ಕಾರ ತಲೆ ಹಾಕಬಾರದ ಕಡೆ ತಲೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಮುಂಬಯಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. 1947ರ ಬಾಂಬೆ ಬಾಡಿಗೆ ಕಾಯಿದೆಯು ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬರುವ ಬಾಡಿಗೆಯಲ್ಲಿ ಗೋಡೆಗೆ ಸುಣ್ಣ ಹೊಡೆಸುವುದೂ ಕಷ್ಟವಾದ್ದರಿಂದ ಮಾಲೀಕರು ದುರಸ್ತಿಯನ್ನೇ ಕೈಬಿಟ್ಟರು, ಕಟ್ಟಡಗಳು ಶಿಥಿಲವಾದವು, ಮನೆ ಕೈ ಬದಲಾಗುವಾಗ ಪಗಡಿಯ (ಬಾಡಿಗೆ ಹಕ್ಕಿಗಾಗಿ ಕೊಡುವ ಇಡಿಗಂಟಿನ) ಹೆಸರಿನಲ್ಲಿ ಕಪ್ಪು ಹಣ ಓಡಾಡಿತು. ಕೊನೆಗೆ 1969ರಲ್ಲಿ ಕಟ್ಟಡಗಳ ಮೇಲೆ ಸೆಸ್ ಹಾಕಿ, ದುರಸ್ತಿಗೆಂದೇ ಒಂದು ಮಂಡಳಿಯನ್ನು ಸರ್ಕಾರವೇ ರಚಿಸಬೇಕಾಯಿತು. ತಾನೇ ಮಾಡಿದ ಗಾಯಕ್ಕೆ ತಾನೇ ಪಟ್ಟಿ ಕಟ್ಟಿದ ಈ ಕಥೆ 1999ರ ಹೊಸ ಕಾಯಿದೆಯ ನಂತರವೂ ಪೂರ್ತಿ ಮುಗಿದಿಲ್ಲ, ಏಕೆಂದರೆ ಹಳೆಯ ಬಾಡಿಗೆದಾರರ ರಕ್ಷಣೆ ಮುಂದುವರಿದಿದೆ. ಲೈಸೆನ್ಸು-ಪರ್ಮಿಟ್ಟುಗಳ ರಾಜ್ಯವೆಂದು ರಾಜಾಜಿಯವರು ಗುಡುಗಿದ್ದು ಸುಮ್ಮನೆ ಅಲ್ಲ. 1959ರಲ್ಲಿ ಅವರು ಕಟ್ಟಿದ ಸ್ವತಂತ್ರ ಪಕ್ಷವು 1967ರ ಲೋಕಸಭೆಯಲ್ಲಿ 44 ಸ್ಥಾನಗಳನ್ನು ಗೆದ್ದಿತ್ತು. ಆದರೆ ಅವರು ಕೇಳಿದ್ದು ಕಡಿಮೆ ಸರ್ಕಾರವನ್ನು, ಶೂನ್ಯ ಸರ್ಕಾರವನ್ನಲ್ಲ. (ಇಂದು ಅಂಥ ಪಕ್ಷವೊಂದು ನೋಂದಣಿಗೆ ಹೋದರೆ, ಪ್ರಜಾಪ್ರತಿನಿಧಿ ಕಾಯಿದೆಯ 29ಎ ಕಲಮಿನ ಪ್ರಕಾರ ಸಮಾಜವಾದಕ್ಕೆ ನಿಷ್ಠೆಯನ್ನು ಬರೆದುಕೊಡಬೇಕು. ಈ ವಿಷಯದಲ್ಲಿ ನಾನು ಸಂಪೂರ್ಣವಾಗಿ ತಮ್ಮ ಪಕ್ಷ.)

ಇನ್ನು ಹೋಟೆಲಿನ ವಿಷಯ. ಮುಂಬಯಿಯಲ್ಲಿ ನಮ್ಮವರ ಎಷ್ಟೋ ಹೋಟೆಲುಗಳು ನಡೆಯುವುದು ಕಂಡಕ್ಟಿಂಗ್ ಮೇಲೆ. ಜಾಗ, ಹೆಸರು, ಗುಮಾಸ್ತಾ ಲೈಸೆನ್ಸು (ಅಂಗಡಿ-ಹೋಟೆಲುಗಳ ನೋಂದಣಿ), ನಗರಪಾಲಿಕೆಯ ಆರೋಗ್ಯ ಇಲಾಖೆಯ ಪರವಾನಗಿ ಎಲ್ಲವೂ ಮಾಲೀಕನ ಹೆಸರಿನಲ್ಲಿಯೇ ಉಳಿಯುತ್ತವೆ. ನಡೆಸುವವನು ಡಿಪಾಸಿಟ್ಟು ಕೊಟ್ಟು, ತಿಂಗಳಿಗೆ ಇಷ್ಟೆಂದು ಕಟ್ಟಿ, ಲಾಭನಷ್ಟವನ್ನು ತಾನೇ ಹೊರುತ್ತಾನೆ. ಒಳಬಾಡಿಗೆಗೆ ಕೊಡಬಾರದೆಂಬ ಬಾಡಿಗೆ ಕಾಯಿದೆಯ ನಿರ್ಬಂಧದಿಂದ ನುಣುಚಿಕೊಳ್ಳಲು ಈ ಪದ್ಧತಿ ಬಹಳ ಅನುಕೂಲವಾಗಿತ್ತು. ಕಾಗದದಲ್ಲಿ ಇರುವುದು ಅರ್ಧ, ಉಳಿದರ್ಧ ಬಾಯಿಮಾತು. ಹೊರಗಿನಿಂದ ನೋಡಿದರೆ ರೋಥ್‌ಬಾರ್ಡ್ ಕಂಡ ಕನಸೇ ಇಲ್ಲಿ ನನಸಾದಂತೆ ಕಾಣುತ್ತದೆ.

ಒಮ್ಮೆ ಇಂತಹ ಒಂದು ಕರಾರು ಮುಗಿದಾಗ, ಗ್ರೈಂಡರು ಕೆಟ್ಟಿದೆ, ಲೈಟ್ ಬಿಲ್ಲು ಬಾಕಿಯಿದೆ ಎಂದು ಮಾಲೀಕರು ಡಿಪಾಸಿಟ್ಟಿನ ದೊಡ್ಡ ಪಾಲನ್ನು ಹಿಡಿದುಕೊಂಡರು. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆಯಬೇಕೆಂದು ಇಬ್ಬರಿಗೂ ಗೊತ್ತಿತ್ತು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾಕ್ಕೆ ಗಿರಾಕಿಗಳು ಬರುವ ಮೊದಲಿನ ಹೊತ್ತಿನಲ್ಲಿ, ಹೋಟೆಲಿನ ಹಿಂಬದಿಯ ಫ್ಯಾಮಿಲಿ ರೂಮಿನಲ್ಲಿ ಸಮಾಜದ ಇಬ್ಬರು ಹಿರಿಯರು ಕುಳಿತರು. ನಾನು ಲೆಕ್ಕದ ಪುಸ್ತಕ ಹಿಡಿದು ಓದಿದೆ. ಗ್ರೈಂಡರು ಬಂದಾಗಲೇ ಹಳೆಯದಾಗಿತ್ತು, ಲೈಟ್ ಬಿಲ್ಲನ್ನು ಕಳೆದು ಉಳಿದದ್ದನ್ನು ಕೊಟ್ಟುಬಿಡಿ ಎಂದು ಹಿರಿಯರು ಹೇಳಿದರು. ಯಾರೂ ಸಹಿ ಹಾಕಲಿಲ್ಲ, ಹಣ ಮಾತ್ರ ಕೈಸೇರಿತು.

ಮಾಲೀಕರು ಆ ಮಾತಿಗೆ ಏಕೆ ತಲೆಬಾಗಿದರು ಎಂಬುದನ್ನು ತಾವು ಯೋಚಿಸಬೇಕು. ಒಪ್ಪದಿದ್ದರೆ ಸುದ್ದಿ ಮರುದಿನವೇ ಊರಿಗೆ ಮುಟ್ಟುತ್ತಿತ್ತು. ಮುಂದೆ ಅವರ ಹೋಟೆಲನ್ನು ನಡೆಸಲು ನಮ್ಮವರು ಯಾರೂ ಬರುತ್ತಿರಲಿಲ್ಲ, ಅಡುಗೆಯವರು ಸಿಗುವುದು ಕಷ್ಟವಾಗುತ್ತಿತ್ತು, ಮಗಳ ಸಂಬಂಧ ಕುದುರಿಸುವಾಗ ಈ ಮಾತು ಎದ್ದು ಬರುತ್ತಿತ್ತು. ಅಂದರೆ ಪೊಲೀಸಿಲ್ಲದೆ ಕರಾರನ್ನು ಕಾಯ್ದದ್ದು ಜಾತಿ, ಊರು, ನೆಂಟಸ್ತಿಕೆ. ವ್ಯಕ್ತಿಯನ್ನು ಇವುಗಳಿಂದ ಬಿಡುಗಡೆ ಮಾಡುವುದೇ ವ್ಯಕ್ತಿವಾದದ ಗುರಿಯಾದರೆ, ಆ ಬಿಡುಗಡೆಯಾದ ದಿನವೇ ಹಿರಿಯರ ತೀರ್ಪಿಗೆ ಬೆಲೆ ಹೋಗುತ್ತದೆ. ನಮ್ಮವರ ಯಶಸ್ಸು ತಮ್ಮ ಸಿದ್ಧಾಂತಕ್ಕೆ ಸಾಕ್ಷಿಯಾಗದಿರುವುದಕ್ಕೆ ಇದೇ ಮುಖ್ಯ ಕಾರಣ. ಸಮಾಜದ ಹೊರಗಿನವನೊಬ್ಬ ಕಂಡಕ್ಟಿಂಗ್ ತೆಗೆದುಕೊಂಡಿದ್ದರೆ ಆ ಕೋಣೆಯಲ್ಲಿ ಅವನ ಮಾತಿಗೆ ಅಷ್ಟು ತೂಕ ಇರುತ್ತಿತ್ತೇ ಎಂಬುದು ನನಗೆ ಅನುಮಾನ. ಮೇಜು ಒರೆಸುವ ಹುಡುಗನ ಬಾಕಿ ಸಂಬಳಕ್ಕಾಗಿ ಹಿರಿಯರು ಹೀಗೆ ಸೇರಿದ್ದನ್ನಂತೂ ನಾನು ಕಂಡಿಲ್ಲ. ಅವನಿಗೆ ಇದ್ದದ್ದು ಯೂನಿಯನ್ನು ಮತ್ತು ಕಾರ್ಮಿಕ ಕಾಯಿದೆ. ನೆರವೇ ಇರಲಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಹಗಲು ದುಡಿದು ರಾತ್ರಿ ಓದಿದ ಹೋಟೆಲು ಹುಡುಗರ ಎಷ್ಟೋ ರಾತ್ರಿಶಾಲೆಗಳು ನಡೆದದ್ದು ನಗರಪಾಲಿಕೆಯ ಶಾಲಾ ಕಟ್ಟಡಗಳಲ್ಲಿ. ಶಾಲೆ ನಡೆಸುವ ಶ್ರಮ ಸಂಘಸಂಸ್ಥೆಗಳದು, ಸೂರು ತೆರಿಗೆದಾರರದು.

ಕರಾರು ಸ್ವಾತಂತ್ರ್ಯವನ್ನು ಸಮುದಾಯಗಳ ಕೈಗೆ ಪೂರ್ತಿ ಒಪ್ಪಿಸಿದರೆ ಬಾಗಿಲುಗಳು ತೆರೆಯುವುದಕ್ಕಿಂತ ಮುಚ್ಚುವುದೇ ಹೆಚ್ಚು. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಅಹಮದಾಬಾದಿನ ಗೃಹನಿರ್ಮಾಣ ಸಹಕಾರಿ ಸಂಘವೊಂದರ ಉಪನಿಯಮವನ್ನು ಸುಪ್ರೀಂ ಕೋರ್ಟು 2005ರಲ್ಲಿ ಎತ್ತಿಹಿಡಿಯಿತು. ಒಪ್ಪಿ ಸೇರಿದ ಮೇಲೆ ನಿಯಮ ಪಾಲಿಸಬೇಕು ಎಂಬ ತರ್ಕ ಅರ್ಥವಾಗುವಂಥದ್ದೇ, ಆದರೆ ಮುಂಬಯಿಯಲ್ಲಿ ಹೆಸರು ಹೇಳಿದೊಡನೆ ಫ್ಲ್ಯಾಟು ಸಿಗದೆ ವಾಪಸಾದವರಿಗೆ ಆ ತರ್ಕದಿಂದ ಬರುವ ಸ್ವಾತಂತ್ರ್ಯ ಯಾವುದು ಎಂದು ನನಗೆ ತಿಳಿಯದು.

ಸಮುದಾಯದ ಹಿಡಿತ ಮುಟ್ಟದ ಕಡೆ ಖಾಸಗಿ ನ್ಯಾಯ ಹೇಗಿರುತ್ತದೆ ಎಂಬುದನ್ನೂ ಈ ನಗರ ನೋಡಿದೆ. ಜಾಗದ ಮೊಕದ್ದಮೆಗಳು ತಲೆಮಾರುಗಟ್ಟಲೆ ಎಳೆಯುತ್ತಿದ್ದ 1980ರ ದಶಕದಲ್ಲಿ ಜನ ಭಾಯಿಗಳ (ಭೂಗತ ಗ್ಯಾಂಗುಗಳ ನಾಯಕರ) ಬಳಿ ಮಾಂಡವಲಿಗೆ, ಅಂದರೆ ರಾಜಿ ಪಂಚಾಯಿತಿಗೆ, ಹೋಗುತ್ತಿದ್ದರು. ಅಲ್ಲಿ ಶುಲ್ಕವಿತ್ತು, ತೀರ್ಪಿತ್ತು, ಜಾರಿಯೂ ಇತ್ತು. ಗ್ಯಾಂಗುಗಳ ನಡುವೆ ಪೈಪೋಟಿಯಂತೂ ಧಾರಾಳವಾಗಿತ್ತು, ಆದರೆ ಆ ಪೈಪೋಟಿಯಿಂದ ಬೆಲೆ ಇಳಿಯುವ ಬದಲು ಬೀದಿಯಲ್ಲಿ ಹೆಣಗಳು ಬಿದ್ದವು. ಸರ್ಕಾರದ ಕಾನೂನೇ ಕೆಟ್ಟಿದ್ದರಿಂದ ಹೀಗಾಯಿತೆಂದು ತಾವು ಹೇಳಬಹುದು; ಬಾಡಿಗೆ ಕಾಯಿದೆಯ ಮಟ್ಟಿಗೆ ಅದು ನಿಜ. ಆದರೂ, ರಕ್ಷಣೆ ಮಾರುವ ಕಂಪನಿಗಳು ಪೈಪೋಟಿಗೆ ಇಳಿದರೆ ಒಂದು ಪ್ರದೇಶದಲ್ಲಿ ಕೊನೆಗೆ ಒಂದೇ ಪ್ರಬಲವಾಗಿ ಉಳಿದು ತಾನೇ ಸರ್ಕಾರದಂತಾಗುತ್ತದೆ ಎಂದು 1974ರಲ್ಲಿ ತೋರಿಸಿಕೊಟ್ಟ ತತ್ತ್ವಶಾಸ್ತ್ರಜ್ಞ ರಾಬರ್ಟ್ ನೋಜಿಕ್ ತಮ್ಮ ಪಾಳಯದವರೇ. 930ರಿಂದ 1262ರವರೆಗೆ ರಾಜನಿಲ್ಲದೆ ನಡೆದ ಐಸ್‌ಲ್ಯಾಂಡನ್ನು ಈ ಪಂಥದವರು ಮಾದರಿಯಾಗಿ ತೋರಿಸುತ್ತಾರೆ. ಅಲ್ಲಿಯೂ ಅಧಿಕಾರವು ಕೊನೆಗೆ ಕೆಲವೇ ಮನೆತನಗಳ ಕೈಸೇರಿ, ಅವುಗಳ ಕಾದಾಟದ ಕೊನೆಯಲ್ಲಿ ದೇಶ ನಾರ್ವೆಯ ರಾಜನಿಗೆ ಶರಣಾಯಿತು. ಇದೇ ಮುಂಬಯಿಯನ್ನು 1668ರಲ್ಲಿ ಇಂಗ್ಲೆಂಡಿನ ರಾಜ ವರ್ಷಕ್ಕೆ ಹತ್ತು ಪೌಂಡಿಗೆ ಈಸ್ಟ್ ಇಂಡಿಯಾ ಕಂಪನಿ ಎಂಬ ವ್ಯಾಪಾರಿ ಕಂಪನಿಗೆ ವಹಿಸಿದ್ದನ್ನು ಕೆಲವರು ಈ ಚರ್ಚೆಗೆ ಎಳೆಯುತ್ತಾರೆ. ಆದರೆ ಅದು ರಾಜನ ಸನ್ನದಿನಿಂದ ಬಂದ ಏಕಸ್ವಾಮ್ಯ, ಆಡಂ ಸ್ಮಿತ್ ಸ್ವತಃ ಖಂಡಿಸಿದ್ದು, ಹಾಗಾಗಿ ಅದನ್ನು ತಮ್ಮ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮಾಲಿನ್ಯ, ನೆರೆಹಾವಳಿಗಳ ಮಾತು ಬಂದಾಗ, ಆಸ್ತಿಗೆ ಹಾನಿಯಾದವನು ದಾವೆ ಹೂಡಲಿ ಎಂಬುದು ರೋಥ್‌ಬಾರ್ಡ್ ಪಂಥದ ಉತ್ತರ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಉಕ್ಕಿದಾಗ ಕುರ್ಲಾದ ಅಂಗಡಿಯವನು ಯಾರ ಮೇಲೆ ದಾವೆ ಹೂಡಬೇಕಿತ್ತು? ದಡ ಒತ್ತಿಕೊಂಡ ಸಾವಿರಾರು ಮಂದಿಯಲ್ಲಿ ಒಬ್ಬೊಬ್ಬರ ಪಾಲು ಒಂದಿಷ್ಟು ಮಣ್ಣು ಅಷ್ಟೇ. ಮಾತುಕತೆಯ ಖರ್ಚು ಹೆಚ್ಚಾದಲ್ಲಿ ಖಾಸಗಿ ಚೌಕಾಸಿ ಫಲಿಸುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1960ರಲ್ಲಿಯೇ ವಿವರಿಸಿದ್ದರು. ವಿಮಾನ ನಿಲ್ದಾಣಕ್ಕಾಗಿ, ಬಾಂದ್ರಾ-ಕುರ್ಲಾ ಸಂಕೀರ್ಣಕ್ಕಾಗಿ ಅದೇ ನದಿಯನ್ನು ತಿರುಗಿಸಿದ್ದು, ಕಿರಿದು ಮಾಡಿದ್ದು ಸರ್ಕಾರಿ ಸಂಸ್ಥೆಗಳೇ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅವುಗಳನ್ನು ಸಾರ್ವಜನಿಕ ಹಿತಾಸಕ್ತಿ ಅರ್ಜಿಯಿಂದಲೋ ಮತಪೆಟ್ಟಿಗೆಯಿಂದಲೋ ಪ್ರಶ್ನಿಸುವ ದಾರಿಯಾದರೂ ಇದೆ.

ಈಗೀಗ ಕಂಡಕ್ಟಿಂಗ್ ಕರಾರುಗಳಲ್ಲಿ ವಕೀಲರು ಮಧ್ಯಸ್ಥಿಕೆಯ ಕಲಮು ಸೇರಿಸುತ್ತಾರೆ. ಪಕ್ಷಗಾರರು ತಾವೇ ಮಧ್ಯಸ್ಥನನ್ನು ಆರಿಸಿ, ತಾವೇ ಅವನ ಶುಲ್ಕ ಕೊಡುತ್ತಾರೆ. ಹಿರಿಯರ ಬೈಠಕ್ಕಿಗಿಂತ ಇದು ಮೇಲು, ಏಕೆಂದರೆ ಇಲ್ಲಿ ಜಾತಿ ಕೇಳುವವರಿಲ್ಲ. ಸರ್ಕಾರವಿಲ್ಲದ ನ್ಯಾಯದ ಮಾದರಿಯೆಂದು ತಾವು ಇದನ್ನೇ ತೋರಿಸಬಹುದು. ಆದರೆ ಸೋತವನು ಹಣ ಕೊಡದಿದ್ದಾಗ ಆ ತೀರ್ಪಿಗೆ ಜೀವ ಬರುವುದು 1996ರ ಮಧ್ಯಸ್ಥಿಕೆ ಕಾಯಿದೆಯ 36ನೇ ಕಲಮಿನಿಂದ. ಅದು ಈ ತೀರ್ಪನ್ನು ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿ ಮಾಡಲು ಅವಕಾಶ ಕೊಡುತ್ತದೆ, ಜಪ್ತಿಗೆ ಹೋಗುವವನು ಕೋರ್ಟಿನ ಅಮೀನ (ಆದೇಶ ಜಾರಿ ಮಾಡುವ ನೌಕರ). ಆ ಅಮೀನನನ್ನು ಯಾರು ನೇಮಿಸಬೇಕು, ಅವನು ತಪ್ಪು ಬಾಗಿಲು ಬಡಿದಾಗ ಯಾರಲ್ಲಿ ದೂರಬೇಕು ಎಂದರೆ ರೋಥ್‌ಬಾರ್ಡ್ ಇನ್ನೊಂದು ಕಂಪನಿಯನ್ನು ತೋರಿಸುತ್ತಾರೆ. ಆ ಎರಡನೆಯ ಕಂಪನಿಯ ಮಾತನ್ನು ಮೊದಲನೆಯದು ಏಕೆ ಕೇಳಬೇಕು ಎಂಬುದಕ್ಕೆ ಒಪ್ಪುವಂಥ ಉತ್ತರವನ್ನು ಅವರಲ್ಲಿ ನಾನು ಇದುವರೆಗೆ ಕಂಡಿಲ್ಲ.