ಪ್ರಶ್ನೆಯ ಕೊನೆಯಲ್ಲಿ ಪ್ರಿಪೊಸಿಷನ್ ಬಂದರೆ ತಪ್ಪೇ?

ಪ್ರಶ್ನೆ: ಕಚೇರಿಯ ಪತ್ರವೊಂದರಲ್ಲಿ ನಾನು ‘ಹೂ ಆರ್ ಯು ವೇಟಿಂಗ್ ಫಾರ್?’ ಎಂದು ಬರೆದಿದ್ದೆ. ಹಿರಿಯರೊಬ್ಬರು ಅದನ್ನು ‘ಫಾರ್ ಹೂಮ್ ಆರ್ ಯು ವೇಟಿಂಗ್?’ ಎಂದು ತಿದ್ದಿದರು. ಇಂಗ್ಲಿಷ್ ಪ್ರಶ್ನೆಯನ್ನು ಪ್ರಿಪೊಸಿಷನ್‌ನಿಂದ (‘ಫಾರ್’, ‘ಅಟ್’, ‘ಟು’ ಮುಂತಾದ ಸಂಬಂಧಸೂಚಕ ಪದದಿಂದ) ಮುಗಿಸಬಾರದೆಂಬ ನಿಯಮ ನಿಜವಾಗಿಯೂ ಇದೆಯೇ?

ಉತ್ತರ: ಇಲ್ಲ. ನೀವು ಬರೆದದ್ದೇ ಸಹಜವಾದ ಇಂಗ್ಲಿಷ್. ತಿದ್ದಿದ ರೂಪವೂ ವ್ಯಾಕರಣಬದ್ಧವೇ ಆದರೂ, ಅದನ್ನು ಮಾತಿನಲ್ಲಿ ಬಳಸಿದರೆ ಮನೆಮಾತಿನ ನಡುವೆ ಶಾಸನದ ಸಾಲು ಓದಿದಂತೆ ಕೇಳಿಸುತ್ತದೆ. ಈ ಅಂಜಿಕೆಗೆ ಮುನ್ನೂರು ವರ್ಷ ದಾಟಿದೆ. 1672ರಲ್ಲಿ ಕವಿ ಜಾನ್ ಡ್ರೈಡನ್, ಬೆನ್ ಜಾನ್ಸನ್‌ನ ನಾಟಕದ ಸಾಲೊಂದು ‘ಫ್ರಮ್’ ಎಂದು ಮುಗಿದುದನ್ನು ದೋಷವೆಂದು ಎತ್ತಿ ತೋರಿಸಿ, ತನ್ನ ಬರಹದಲ್ಲೂ ಆ ದೋಷ ಕಂಡಿದೆಯೆಂದು ಒಪ್ಪಿಕೊಂಡ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್‌ನ ತಲೆಗೆ ಈ ನಿಷೇಧವನ್ನು ಕಟ್ಟುವುದುಂಟು. ಆದರೆ ಆತ ಹೇಳಿದ್ದು, ಗಂಭೀರ ಶೈಲಿಗೆ ಪ್ರಿಪೊಸಿಷನ್ ಮುಂದೆ ಬರುವುದು ಹೆಚ್ಚು ಒಪ್ಪುತ್ತದೆ ಎಂದಷ್ಟೇ. ಪ್ರಿಪೊಸಿಷನ್ ಕೊನೆಗೆ ಬರುವ ಬಳಕೆಯತ್ತ ನಮ್ಮ ಭಾಷೆ ಬಲವಾಗಿ ಒಲಿದಿದೆ ಎಂಬ ಆತನ ವಾಕ್ಯಭಾಗ ‘ಟು’ ಎಂದೇ ಮುಗಿಯುತ್ತದೆ!

ಕನ್ನಡಿಗರು ಎಚ್ಚರ ವಹಿಸಬೇಕಾದದ್ದು ಬೇರೆ ಕಡೆ. ನಮ್ಮಲ್ಲಿ ‘ಯಾರೊಂದಿಗೆ’, ‘ಯಾವುದರಿಂದ’ ಎಂದು ಸಂಬಂಧವೆಲ್ಲ ಪ್ರಶ್ನೆಯ ಪದಕ್ಕೇ ಅಂಟಿಕೊಂಡು ಬರುವುದರಿಂದ ವಾಕ್ಯದ ತುದಿಯಲ್ಲಿ ಒಂಟಿಯಾಗಿ ನಿಲ್ಲುವ ಪದ ನಮ್ಮ ಕಿವಿಗೆ ಅನಗತ್ಯವೆನಿಸುತ್ತದೆ. ‘ಏನು ನೋಡುತ್ತಿದ್ದೀರಿ?’ ಎಂಬುದು ಹಾಗೆಯೇ ‘ವಾಟ್ ಆರ್ ಯು ಲುಕಿಂಗ್?’ ಎಂದಾಗಿ, ‘ಅಟ್’ ಬಿಟ್ಟುಹೋಗುತ್ತದೆ, ತಪ್ಪೆಂದರೆ ಇದು. ಅನುಮಾನ ಬಂದಾಗ ಉತ್ತರವನ್ನು ಪೂರ್ಣ ವಾಕ್ಯದಲ್ಲಿ ಹೇಳಿನೋಡಿ. ‘ಐ ಆಮ್ ಲುಕಿಂಗ್ ಅಟ್ ದ ಮ್ಯಾಪ್’ ಎನ್ನುವಲ್ಲಿ ‘ಅಟ್’ ಬೇಕಾದರೆ ಪ್ರಶ್ನೆಯಲ್ಲೂ ಅದು ಬೇಕು. ಇದಕ್ಕೆ ತದ್ವಿರುದ್ಧವಾಗಿ ‘ಟು ಹೂಮ್ ಆರ್ ಯು ಟಾಕಿಂಗ್ ಟು?’ ಎಂದು ಎರಡೂ ತುದಿಗೆ ಗೂಟ ಹೊಡೆಯುವವರಿದ್ದಾರೆ; ಒಂದು ಸಾಕು.

ಕೆಲವು ಪ್ರಶ್ನೆಗಳಲ್ಲಿ ಆಯ್ಕೆಯೇ ಇರುವುದಿಲ್ಲ. ‘ವಾಟ್ ಈಸ್ ಇಟ್ ಲೈಕ್?’ ಎಂಬುದರ ‘ಲೈಕ್’ ಅನ್ನು ಮುಂದಕ್ಕೆ ಎಳೆದರೆ ವಾಕ್ಯವೇ ಮುರಿದುಬೀಳುತ್ತದೆ. ‘ಸಿನ್ಸ್ ವೆನ್’ ಎಂಬ ಜೋಡಿಯನ್ನು ಬಿಡಿಸಿ ‘ಸಿನ್ಸ್’ ಅನ್ನು ಕೊನೆಗೆ ತಳ್ಳಿದರೂ ಅಷ್ಟೇ. ಅತ್ಯಂತ ಔಪಚಾರಿಕ ಬರಹದಲ್ಲಿ ನಿಮ್ಮ ಹಿರಿಯರ ರೂಪವನ್ನು ಧಾರಾಳವಾಗಿ ಬಳಸಬಹುದು, ಆದರೆ ‘ಫಾರ್’ ಮುಂದೆ ಹೋದಾಗ ‘ಹೂ’ ಎಂಬುದು ‘ಹೂಮ್’ ಆಗಲೇಬೇಕು.