ಸಂತೆಯಲ್ಲಿ ನಾವೇ ಕೂತು ಮಾರಿದರೆ ಗಿಟ್ಟುತ್ತಾ?

ಪ್ರಶ್ನೆ: ನಮ್ಮದು ಕೊಪ್ಪಳ ತಾಲ್ಲೂಕಿನ ಹಳ್ಳಿ. ಬೋರ್‌ವೆಲ್ ನೀರಲ್ಲಿ ಒಂದೂವರೆ ಎಕರೆ ಟೊಮೆಟೊ, ಬದನೆ, ಮೆಂತೆ, ಪುಂಡಿ ಬೆಳೆಯುತ್ತೇವೆ. ಹೋದ ವಾರ 20 ಟ್ರೇ ಟೊಮೆಟೊ ಮಾರುಕಟ್ಟೆಗೆ ಹಾಕಿದೆ. ದಲಾಲಿ, ಹಮಾಲಿ, ಗಾಡಿ ಬಾಡಿಗೆ ಕಳೆದು ಕೈಗೆ ಬಂದದ್ದು 1,100 ರೂಪಾಯಿ. ಇನ್ನು ಮೇಲೆ ವಾರದ ಸಂತೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೂತು ಮಾರೋಣ ಅಂತಿದ್ದೇವೆ. ರೇಟು ಹೇಗೆ ಹೇಳಬೇಕು? ಸೊಪ್ಪು ಬಾಡದಂತೆ ಏನು ಮಾಡಬೇಕು?

ಉತ್ತರ: ಮಾರಿ, ಆದರೆ 20 ಟ್ರೇ ಒಯ್ಯಬೇಡಿ. ಟ್ರೇಗೆ 25 ಕೆಜಿ ಹಿಡಿದರೆ ಐದು ಕ್ವಿಂಟಾಲ್ ಆಯ್ತು. ಒಂದೊಂದೇ ಕೆಜಿ ತೂಗುತ್ತಾ ಕೂತರೆ ಸಂಜೆಯಾದರೂ ಖಾಲಿ ಆಗುವುದಿಲ್ಲ. ಶುರುವಿಗೆ ಮೂರು ಟ್ರೇ ಸಾಕು. ಉಳಿದದ್ದು ದಲಾಲರ ಅಂಗಡಿಗೇ ಹೋಗಲಿ. ಸಿಟ್ಟಲ್ಲಿ ಅವರನ್ನು ಪೂರ್ತಿ ಬಿಡಬೇಡಿ, ಮಾಲು ಜಾಸ್ತಿ ಬಂದ ದಿನ ಮತ್ತೆ ಅವರೇ ಬೇಕು.

ನನ್ನ ಕೇಳಿದರೆ ಸಂತೆಯಲ್ಲಿ ನಿಮ್ಮ ಕೈ ಹಿಡಿಯುವುದು ಟೊಮೆಟೊ ಅಲ್ಲ, ಸೊಪ್ಪು. ಮೆಂತೆ ಬಿತ್ತಿದ 25–30 ದಿನಕ್ಕೆ ಕೀಳಲು ಬರುತ್ತದೆ. ಸಂತೆ ವಾರಕ್ಕೊಮ್ಮೆ. ಹಾಗಾಗಿ ನಾಲ್ಕು ಮಡಿ ಮಾಡಿ, ವಾರಕ್ಕೊಂದು ಬಿತ್ತಿ. ನಾಲ್ಕನೇ ಮಡಿ ಬಿತ್ತಿದ ಮುಂದಿನ ವಾರ ಮೊದಲನೇದು ಕೀಳಲು ಬಂದಿರುತ್ತದೆ. ಎಲ್ಲ ಒಮ್ಮೆಲೇ ಬಿತ್ತಿದರೆ ಒಂದು ಸಂತೆಗೆ ರಾಶಿ, ಮುಂದಿನ ಮೂರು ಸಂತೆಗೆ ಬರಿಗೈ. ಪುಂಡಿಗೆ ಈ ತಾಪತ್ರಯ ಇಲ್ಲ, ಚಿವುಟಿದಂತೆ ಚಿಗುರುತ್ತದೆ.

ಸೊಪ್ಪನ್ನು ಹಿಂದಿನ ದಿನ ಬಿಸಿಲು ಇಳಿದ ಮೇಲೆ ಕೀಳಿ. ಮೆಂತೆ ಬೇರು ಸಮೇತ ಇರಲಿ. ಮಣ್ಣು ಕೊಡವಿ, ಸಿವುಡು ಕಟ್ಟಿ, ಬೇರು ಕೆಳಗೆ ಮಾಡಿ ಬುಟ್ಟಿಯಲ್ಲಿ ನಿಲ್ಲಿಸಿ. ಗೋಣಿಚೀಲ ನೆನೆಸಿ, ಚೆನ್ನಾಗಿ ಹಿಂಡಿ ಮೇಲೆ ಹೊದಿಸಿ. ನಮ್ಮ ಕಡೆ ಗಾಳಿ ಒಣ, ಗೋಣಿಯ ನೀರು ಬೇಗ ಆರುತ್ತದೆ. ಆರುತ್ತಾ ಒಳಗೆ ತಂಪು ಮಾಡುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುತ್ತಲ್ವಾ, ಹಾಗೇ. ಪ್ಲಾಸ್ಟಿಕ್ ಚೀಲದಲ್ಲಿ ತುರುಕಿದರೆ ಸೊಪ್ಪು ಬೆವೆತು ಕೊಳೆಯುತ್ತದೆ. ಸುಮ್ನೆ ಮೇಲಿಂದ ಮೇಲೆ ನೀರು ಸುರಿಯುವುದೂ ಬೇಡ.

ರೇಟು ಹೇಳುವ ಮುಂಚೆ ಸಂತೆಯಲ್ಲಿ ಒಂದು ಸುತ್ತು ಹಾಕಿ, ಅಕ್ಕಪಕ್ಕದವರ ರೇಟೇ ಹೇಳಿ. ನೀವು ಎರಡು ರೂಪಾಯಿ ಇಳಿಸಿದರೆ ಪಕ್ಕದ ಅಕ್ಕನೂ ಇಳಿಸುತ್ತಾರೆ, ಇಬ್ಬರಿಗೂ ಲುಕ್ಸಾನು. ಚೌಕಾಸಿ ಮಾಡುವವರಿಗೆ ರೇಟು ಬಿಡಬೇಡಿ, ಕೊಸರು ಹಾಕಿ. ತೂಗಿದ ಮೇಲೆ ಎರಡು ಬದನೆಕಾಯಿ ಚೀಲಕ್ಕೆ ಬಿದ್ದರೆ ಮುಂದಿನ ವಾರವೂ ಅವರು ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಸಣ್ಣ ಟೊಮೆಟೊ, ಸ್ವಲ್ಪ ಒಡೆದದ್ದು ಬೇರೆ ಗುಡ್ಡೆ ಹಾಕಿ. ಖಾನಾವಳಿಯವರು ಅದನ್ನೇ ಕೇಳಿ ಒಯ್ಯುವುದುಂಟು.

ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ವರ್ಷಕ್ಕೊಮ್ಮೆ ತೂಕ ಮತ್ತು ಅಳತೆ ಇಲಾಖೆಯವರಿಂದ ಮುದ್ರೆ ಹಾಕಿಸಲೇಬೇಕು. ಜಕಾತಿ (ಸಂತೆ ಸುಂಕ) ಕೊಟ್ಟರೆ ಚೀಟಿ ಇಸಿದುಕೊಳ್ಳಿ. ಹತ್ತರ ನೋಟು ಮನೆಯಿಂದಲೇ ಜೋಡಿಸಿಕೊಂಡು ಹೋಗಿ.

ಮೊದಲ ನಾಲ್ಕು ಸಂತೆ ಯಾವುದು ಎಷ್ಟೊತ್ತಿಗೆ ಖಾಲಿ ಆಯ್ತು ಅಂತ ಬರೆದಿಡಿ. ಮೆಂತೆ ಹತ್ತು ಗಂಟೆಗೇ ಮುಗಿದರೆ ಮುಂದಿನ ಮಡಿ ನಾಲ್ಕು ಮೊಳ ಜಾಸ್ತಿ ಉದ್ದ ಮಾಡಿ. ಸಂಜೆ ಅರ್ಧ ಬುಟ್ಟಿ ಉಳಿದರೆ ಅಷ್ಟೇ ಕಡಿಮೆ ಬಿತ್ತಿ.