ದವಡೆ ಹಲ್ಲಿಗೂ ಮುಂದಿನ ಹಲ್ಲಿಗೂ ಒಂದೇ ಬಗೆಯ ಕ್ಯಾಪ್ ಹಾಕಿಸಬಹುದೇ?

ನಿಮ್ಮ ತಾಯಿಯವರ ಕೆಳಗಿನ ದವಡೆ ಹಲ್ಲಿಗೂ ಮೇಲಿನ ಮುಂದಿನ ಹಲ್ಲಿಗೂ ರೂಟ್ ಕೆನಾಲ್ ಆಗಿದೆ. ಜಯನಗರದ ವೈದ್ಯರು ಎರಡಕ್ಕೂ ಜಿರ್ಕೋನಿಯಾ (ಬಹಳ ಗಟ್ಟಿಯಾದ ಬಿಳಿ ಸೆರಾಮಿಕ್) ಎಂದಿದ್ದಾರೆ, ಮಲ್ಲೇಶ್ವರದವರು ಎರಡಕ್ಕೂ ಇ-ಮ್ಯಾಕ್ಸ್ (ಗಾಜಿನ ಅಂಶವಿರುವ ಸೆರಾಮಿಕ್) ಎಂದಿದ್ದಾರೆ. ಯಾರ ಮಾತು ಕೇಳಲಿ ಎಂಬುದು ನಿಮ್ಮ ಪ್ರಶ್ನೆ. ನಾನು ವೈದ್ಯನಲ್ಲ, ರಾಜಾಜಿನಗರದ ಲ್ಯಾಬ್ ಒಂದರಲ್ಲಿ ಹದಿನೆಂಟು ವರ್ಷಗಳಿಂದ ಕ್ಯಾಪ್ ತಯಾರಿಸುತ್ತಿರುವವನು. ದವಡೆ ಹಲ್ಲಿಗೆ ಜಿರ್ಕೋನಿಯಾ ಹಾಕಿಸಿ. ಮುಂದಿನ ಹಲ್ಲಿನ ವಿಷಯದಲ್ಲಿ ಮಾತ್ರ, ಕ್ಯಾಪ್ ಕೂರಿಸಲೆಂದು ಅರೆದ ಮೇಲೆ ಉಳಿಯುವ ಹಲ್ಲಿನ ಬಣ್ಣ ನೋಡದೆ ಯಾರೂ ಉತ್ತರ ಹೇಳಬಾರದು.

ಕೋಡುಬಳೆ, ಹುರಿಗಡಲೆಗಳ ಭಾರವನ್ನೆಲ್ಲ ಹೊರುವುದು ದವಡೆ ಹಲ್ಲು. ಬಾಗಿಸಿ ಮುರಿಯುವ ಪರೀಕ್ಷೆಯಲ್ಲಿ ಗಟ್ಟಿ ಬಗೆಯ ಜಿರ್ಕೋನಿಯಾ ಸುಮಾರು 1000 ಮೆಗಾಪಾಸ್ಕಲ್‌ವರೆಗೆ ತಡೆಯುತ್ತದೆ. ಇ-ಮ್ಯಾಕ್ಸ್, ಅಂದರೆ ಲಿಥಿಯಂ ಡೈಸಿಲಿಕೇಟ್, ಅದರ ಅರ್ಧದಷ್ಟು ಅಥವಾ ಇನ್ನೂ ಕಡಿಮೆ. ಜಿರ್ಕೋನಿಯಾದ ಗುಟ್ಟು ಅದರ ಹರಳುಗಳಲ್ಲಿದೆ. ಬಿರುಕು ಮೂಡಿದರೆ ಅದರ ತುದಿಯಲ್ಲಿರುವ ಹರಳುಗಳು ರೂಪ ಬದಲಿಸಿ ಉಬ್ಬುತ್ತವೆ, ಬಿರುಕನ್ನು ಒತ್ತಿ ಹಿಡಿಯುತ್ತವೆ. ಇಷ್ಟು ವರ್ಷವಾದರೂ ನನಗೆ ಇದು ಬೆರಗೇ. ಆದರೆ ಹೆಚ್ಚು ಬೆಳಕು ಹಾಯಲೆಂದು ಇಟ್ರಿಯಾ ಎಂಬ ಬೆರಕೆ ವಸ್ತುವನ್ನು ಹೆಚ್ಚಿಸಿ ಮಾಡಿದ ಬಗೆಗಳಲ್ಲಿ ಈ ಗುಣ ಬಹಳ ತಗ್ಗುತ್ತದೆ, ಬಲವೂ ಇಳಿಯುತ್ತದೆ. ಎಲ್ಲವೂ ಜಿರ್ಕೋನಿಯಾ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುವುದರಿಂದ ಯಾವ ಬಗೆ ಎಂದು ಕೇಳಿ. ಮೇಲೆ ಪಿಂಗಾಣಿ ಲೇಪಿಸಿದ್ದು ದವಡೆಗೆ ಬೇಡ, ಆ ಪದರ ಚಕ್ಕೆಯೆದ್ದು ಬರುವುದುಂಟು. ಒಂದೇ ತುಂಡಿನಲ್ಲಿ ಕೊರೆದದ್ದನ್ನು ಕೇಳಿ ಪಡೆಯಿರಿ. ಹಣದ ಅಡಚಣೆ ಇದ್ದರೆ ಲೋಹದ ಮೇಲೆ ಪಿಂಗಾಣಿ ಕೂರಿಸಿದ ಹಳೆಯ ಕ್ಯಾಪ್ ಕೂಡ ದವಡೆಗೆ ಕೆಟ್ಟ ಆಯ್ಕೆಯಲ್ಲ, ಒಸಡಿನ ಅಂಚಿನಲ್ಲಿ ಕಪ್ಪು ಗೆರೆ ಕಾಣಬಹುದು ಅಷ್ಟೇ.

ಇನ್ನೊಂದು ಮಾತನ್ನು ದಯವಿಟ್ಟು ಮರೆಯಬೇಡಿ. ಕ್ಯಾಪ್ ಕೂರಿಸುವಾಗ ಎತ್ತರ ಹೆಚ್ಚಾಯಿತೆಂದು ವೈದ್ಯರು ಅದನ್ನು ಸ್ವಲ್ಪ ಅರೆಯುತ್ತಾರೆ. ಅರೆದ ಜಾಗವನ್ನು ಮತ್ತೆ ಪಾಲಿಶ್ ಮಾಡದೆ ಬಿಟ್ಟರೆ ಅದು ಉಪ್ಪುಕಾಗದದಂತೆ ಎದುರು ಹಲ್ಲಿನ ಎನಾಮಲ್ ಅನ್ನು ಸವೆಸುತ್ತದೆ. ನುಣುಪಾದ ಜಿರ್ಕೋನಿಯಾದಿಂದ ಅಷ್ಟು ಹಾನಿಯಿಲ್ಲ. ಜಿರ್ಕೋನಿಯಾ ಎದುರು ಹಲ್ಲನ್ನು ತಿನ್ನುತ್ತದೆ ಎಂಬ ದೂರಿಗೆ ಬಹಳಷ್ಟು ಸಲ ಕಾರಣ ಈ ಐದು ನಿಮಿಷದ ಕೆಲಸ ತಪ್ಪಿದ್ದು.

ಇನ್ನು ಮುಂದಿನ ಹಲ್ಲು. ಕೆಲವು ವರ್ಷಗಳ ಹಿಂದೆ ಕ್ಲಿನಿಕ್ ಒಂದರಿಂದ ಒಬ್ಬ ಯುವತಿಯ ಹಲ್ಲಿನ ಅಚ್ಚು ಬಂತು, ಜೊತೆಗೆ ಹಲ್ಲಿನ ಬಣ್ಣ ಸೂಚಿಸುವ ಶೇಡ್ 'ಎ2' ಎಂಬ ಚೀಟಿ. ಇ-ಮ್ಯಾಕ್ಸ್‌ನಲ್ಲಿ ಇಡೀ ಒಂದು ದಿನ ಕೂತು ಕ್ಯಾಪ್ ಮಾಡಿದೆ. ಬಾಯಿಗೆ ಹಾಕಿದ ಕೂಡಲೇ ಅದು ಬೂದಿ ಬಣ್ಣಕ್ಕೆ ತಿರುಗಿತು. ಒಳಗಿನ ಹಲ್ಲು ಕಪ್ಪಾಗಿದೆ, ಅದರಲ್ಲಿ ಲೋಹದ ಪೋಸ್ಟ್ (ಬೇರಿನೊಳಗೆ ಕೂರಿಸುವ ಕಡ್ಡಿ) ಇದೆ ಎಂದು ಚೀಟಿಯಲ್ಲಿ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಇ-ಮ್ಯಾಕ್ಸ್‌ನ ಚೆಲುವು ಅದರೊಳಗೆ ಬೆಳಕು ಹಾಯುವುದರಲ್ಲಿದೆ; ಹಿಂದೆ ಕಪ್ಪಿದ್ದರೆ ಕಪ್ಪೂ ಹಾಯ್ದು ಬರುತ್ತದೆ. ಆ ಹುಡುಗಿಯ ಮದುವೆಗೆ ಹತ್ತು ದಿನವಿತ್ತು. ಬೆಳಕು ತಡೆಯುವ ಜಿರ್ಕೋನಿಯಾ ಒಳಕವಚ ಮಾಡಿ, ಮೇಲೆ ಪಿಂಗಾಣಿ ಲೇಪಿಸಿ ಮತ್ತೊಂದನ್ನು ಕೊಟ್ಟೆ. ಅಂದಿನಿಂದ ಅರೆದ ಹಲ್ಲಿನ ಫೋಟೊ ಬಾರದೆ ಮುಂದಿನ ಹಲ್ಲಿನ ಕೆಲಸ ಶುರು ಮಾಡುವುದಿಲ್ಲ.

ಆದ್ದರಿಂದ ತಾಯಿಯವರ ಹಲ್ಲು ಒಳಗೆ ತಿಳಿ ಬಣ್ಣದಲ್ಲಿದ್ದರೆ ಮಲ್ಲೇಶ್ವರದವರು ಹೇಳಿದ ಇ-ಮ್ಯಾಕ್ಸ್ ಸರಿ. ಅದರಲ್ಲಿ ಗಾಜಿನ ಅಂಶ ಇರುವುದರಿಂದ ಆಮ್ಲ ಹಚ್ಚಿ ಒರಟು ಮಾಡಿ ರೆಸಿನ್ ಸಿಮೆಂಟಿನಿಂದ ಹಲ್ಲಿಗೆ ಭದ್ರವಾಗಿ ಅಂಟಿಸಬಹುದು. ಕಪ್ಪಾಗಿದ್ದರೆ ನಾನು ಆಗ ಮಾಡಿಕೊಟ್ಟಂಥದ್ದೇ ಬೇಕು.

ತಾಯಿ ಕೋಲಾರದ ಕಡೆಯವರು ಎಂದು ಬರೆದಿದ್ದೀರಿ. ಅಲ್ಲಿನ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಅಕ್ಕಪಕ್ಕದ ಹಲ್ಲುಗಳಲ್ಲಿ ಬಿಳಿ ಮಚ್ಚೆ, ಕಂದು ಕಲೆ ಇದ್ದರೆ ಶೇಡ್ ಪಟ್ಟಿಯ ಯಾವ ಬಣ್ಣವೂ ಪೂರ್ತಿ ಹೊಂದುವುದಿಲ್ಲ, ಕೈಯಲ್ಲೇ ಬಣ್ಣ ಹಚ್ಚಬೇಕಾಗುತ್ತದೆ. ಹಲ್ಲು ಅರೆಯುವ ಮೊದಲೇ ಹಗಲು ಬೆಳಕಿನಲ್ಲಿ ಶೇಡ್ ನೋಡಲು ಹೇಳಿ. ಏಕೆಂದರೆ ಬಾಯಿ ತೆರೆದು ಒಣಗಿದ ಹಲ್ಲು ಇರುವುದಕ್ಕಿಂತ ಬಿಳಿಯಾಗಿ ಕಾಣುತ್ತದೆ. ಸಾಧ್ಯವಾದರೆ ಲ್ಯಾಬಿನವರನ್ನೂ ಅಂದು ಕರೆಸಿ. ನಮ್ಮಲ್ಲಿ ಅನೇಕರು ಖುಷಿಯಿಂದ ಬರುತ್ತೇವೆ.